ಹೊನ್ನರಗಿಯ ಕಿವಿಮಣಿ

ಯಂತ್ರ ಅಗ್ಗವಾದಲ್ಲಿ ಯಂತ್ರ ಇಳಿಯುತ್ತದೆ, ಮನುಷ್ಯ ಅಗ್ಗವಾದಲ್ಲಿ ಮನುಷ್ಯ ಇಳಿಯುತ್ತಾನೆ. ಹೊನ್ನರಗಿಯ ಚಿನ್ನದ ಗಣಿಯಲ್ಲಿ ಎರಡೂ ಇಳಿಯುತ್ತಿದ್ದವು. ಕಲ್ಲು ಕೊರೆಯುವುದು, ತುಂಬುವುದು, ಎಳೆಯುವುದು ಎಲ್ಲ ರೋಬೋಟುಗಳ ಕೆಲಸ. ಆದರೆ ರೋಬೋಟಿನ ಹಲ್ಲಿಗೆ ಕಲ್ಲು ಸಿಕ್ಕಿಕೊಂಡರೆ ಬಿಡಿಸಲು, ಅದರ ಚಕ್ರ ಕೆಸರಿನಲ್ಲಿ ಹೂತರೆ ನೂಕಲು ಒಂದು ಕೈ ಬೇಕು. ಅಂಥ ಕೈಯನ್ನು ಕಬ್ಬಿಣದಲ್ಲಿ ಮಾಡಿಸುವುದಕ್ಕಿಂತ ಹೊನ್ನರಗಿಯ ಗಂಡಸಿಗೆ ಸಂಬಳ ಕೊಡುವುದು ಸಲೀಸು ಎಂದು ಕಂಪನಿ ಕಂಡುಕೊಂಡಿತ್ತು. ಹಾಗಾಗಿ ಒಂದು ಸುರಂಗಕ್ಕೆ ಒಬ್ಬನೇ ಮನುಷ್ಯ. ಅವನು ತನ್ನ ಸುರಂಗ ಬಿಟ್ಟು ಪಕ್ಕದ ಸುರಂಗಕ್ಕೆ ಕಾಲಿಟ್ಟರೆ ಆ ದಿನದ ಹಾಜರಿ ಹೋಯಿತು ಎಂಬ ನಿಯಮ. ಇಬ್ಬರು ಸೇರಿದರೆ ಮಾತಾಡುತ್ತಾರೆ, ಮಾತಾಡಿದರೆ ಕೆಲಸ ಕೆಡುತ್ತದೆ ಎಂದು ಕಂಪನಿಯ ತಿಳಿವಳಿಕೆ.

ಹಾಗೆ ಒಬ್ಬನೇ ಇರುವವನ ಮೇಲೆ ಬಂಡೆ ಬಿದ್ದರೆ ಅವನು ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎಂದು ಹೇಳುವವರು ಯಾರು? ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಕಿವಿಮಣಿ.

ಅದನ್ನು ಮಾಡಿದವಳು ಧಾರವಾಡದ ಪ್ರಫುಲ್ಲಾ ಇನಾಮದಾರ. ಮದುವೆಗೆ ಪುರುಸೊತ್ತಿಲ್ಲದೆ ಬೆಳೆದ, ಸಿಟ್ಟಿನ, ಅಪ್ಪಟ ಬುದ್ಧಿವಂತೆ. ಅವಳ ಕಿವಿಮಣಿ ಅಕ್ಕಿಕಾಳಿನಷ್ಟು ಗಾತ್ರದ ರೇಡಿಯೋ, ಹೆಲ್ಮೆಟ್ಟಿನ ಒಳಗೋಡೆಗೆ ಅಂಟಿ ವರ್ಷಗಟ್ಟಲೆ ಒಂದೇ ಬ್ಯಾಟರಿಯಲ್ಲಿ ಬದುಕಬೇಕು. ರೇಡಿಯೋಗಳಲ್ಲಿ ಅದರಷ್ಟು ಬಡ ರೇಡಿಯೋ ಇನ್ನೊಂದಿಲ್ಲ. ಅದರೊಳಗಿದ್ದದ್ದು ಎನ್ವಲಪ್ ಡಿಟೆಕ್ಟರ್ ಎಂಬ ಸರ್ಕೀಟು. ಅಲೆ ಏನು ಹೇಳುತ್ತಿದೆ ಎಂಬುದು ಅದಕ್ಕೆ ತಿಳಿಯದು, ಅಲೆ ಉಬ್ಬಿತೇ ತಗ್ಗಿತೇ ಎಂಬ ಹೊರಗೆರೆ ಮಾತ್ರ ತಿಳಿಯುತ್ತದೆ. ಗೋಡೆಯಾಚೆ ಯಾರೋ ದನಿ ಎತ್ತಿದರು ಎಂದು ಗೊತ್ತಾಗಿ, ಯಾರು, ಏನಂದರು ಎಂದು ಗೊತ್ತಾಗದೆ ಉಳಿದ ಹಾಗೆ. ಅಷ್ಟು ಸಾಕು. ಉಬ್ಬು ಕಂಡೊಡನೆ ಅದು ಹೆಲ್ಮೆಟ್ಟಿನ ದೊಡ್ಡ ರಿಸೀವರನ್ನು ಎಬ್ಬಿಸುತ್ತದೆ. ದೊಡ್ಡದು ಎದ್ದು, ತೊಟ್ಟವನ ಕಿವಿಯ ಮೇಲಿನ ಕಣತಲೆಗೆ ಜುಮ್ಮೆಂದು ನಡುಕ ಕೊಟ್ಟು, ಅವನಿರುವ ಜಾಗವನ್ನೂ ಅವನ ನಾಡಿಯನ್ನೂ ಮೇಲಕ್ಕೆ ಕಳಿಸುತ್ತದೆ. ಮಾತು ಕಳಿಸುವ ಸೌಕರ್ಯವನ್ನು ಖರ್ಚು ಹೆಚ್ಚು ಎಂದು ಕಂಪನಿ ಬಿಡಿಸಿತ್ತು.

ಕಷ್ಟವಿದ್ದದ್ದು ಎಚ್ಚರದಲ್ಲಿ. ಡಿಟೆಕ್ಟರಿನ ಟ್ರಾನ್ಸಿಸ್ಟರು ತುದಿಗಾಲಲ್ಲಿ ನಿಂತಿರಬೇಕಾದರೆ ಅದಕ್ಕೆ ಸದಾ ಒಂದು ಚೂರು ವಿದ್ಯುತ್ತು ಉಣಿಸುತ್ತಿರಬೇಕು. ಇದಕ್ಕೆ ಬಯಾಸ್ ಎನ್ನುತ್ತಾರೆ. ಹೆಚ್ಚು ಉಣಿಸಿದರೆ ಮೋಟಾರಿನ ಕಿಡಿಗೂ ಎದ್ದು ಕುಳಿತು ಬ್ಯಾಟರಿ ತಿಂದುಹಾಕುತ್ತದೆ, ಕಡಿಮೆ ಉಣಿಸಿದರೆ ಹೆಣದಂತೆ ಬಿದ್ದಿರುತ್ತದೆ. ಪ್ರಫುಲ್ಲಾಳ ಜಾಣತನವೆಂದರೆ ಈ ತುತ್ತನ್ನು ಸರ್ಕೀಟೇ ನಿರ್ಧರಿಸುವಂತೆ ಮಾಡಿದ್ದು. ಸುತ್ತ ಎಷ್ಟು ಗದ್ದಲವಿದೆ ಎಂದು ಅದು ನಿಧಾನವಾಗಿ ಅಳೆಯುತ್ತ ಹೋಗುತ್ತದೆ. ಗದ್ದಲ ಹೆಚ್ಚಿದ್ದರೆ ಬಯಾಸು ಇಳಿಸಿ ಕಿವಿ ಮಂದ ಮಾಡಿಕೊಳ್ಳುತ್ತದೆ, ಸದ್ದಡಗಿದರೆ ಮೆಲ್ಲಗೆ ಏರಿಸಿ ಕಿವಿ ಚೂಪು ಮಾಡಿಕೊಳ್ಳುತ್ತದೆ. ದಿನವಿಡೀ ಬರುವುದು ಗದ್ದಲ, ಅಪರೂಪಕ್ಕೆ ಬರುವುದು ಕರೆ, ಇಷ್ಟೇ ಅದರ ವಿವೇಕ. ಪ್ರಯೋಗಾಲಯದಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ.

ಗಣಿಯ ಜನರಲ್ ಮ್ಯಾನೇಜರ್ ಲೋಕೂರ ಸಾಹೇಬರಿಗೆ ಇದು ಸಾಲಲಿಲ್ಲ. ಬಂಡೆ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ವಸ್ತುವಿನ ಫೋಟೋ ತೆಗೆಸುವುದು ಹೇಗೆ? ಅವರು ಕೆಲಸಗಾರರ ಕಾಲೊನಿಯ ಪ್ರತಿ ಮನೆಗೂ ಒಂದು ಗುಂಡಿ ಕೊಡಿಸಿದರು. ಮನೆಯವರು ಗುಂಡಿ ಒತ್ತಿದರೆ ಆ ಮನೆಯ ಗಂಡಸಿನ ಸುರಂಗದ ಆಂಟೆನಾ ಒಂದು ಕರೆ ಕೂಗುತ್ತದೆ, ಅವನ ಕಣತಲೆ ಜುಮ್ಮೆನ್ನುತ್ತದೆ, ಹೆಲ್ಮೆಟ್ಟಿನ ಉತ್ತರ ಬಂದು ಗುಂಡಿಯ ಮೇಲೆ ಹಸಿರು ದೀಪ ಹತ್ತುತ್ತದೆ. ಹೆಂಗಸರ ಕೈಯಲ್ಲಿ ಹಸಿರು ದೀಪ ಹೊಳೆಯುವ ಚಿತ್ರ ಕಂಪನಿಯ ಕ್ಯಾಲೆಂಡರಿನಲ್ಲಿ ಬಂತು.

"ಎಷ್ಟು ಸಲ ಒತ್ತಬಹುದು ಇವರು?" ಎಂದು ಪ್ರಫುಲ್ಲಾ ಫೋನಿನಲ್ಲಿ ಲೋಕೂರರನ್ನು ಕೇಳಿದ್ದಳು.

"ಪಾಳಿಗೆ ಒಂದೋ ಎರಡೋ ಸಲ ಒತ್ತಬಹುದು ಮೇಡಮ್. ಅವರಿಗೂ ಮನಿ ಕೆಲಸ ಇರತಾವಲ್ಲ."

"ಹಂಗಾದ್ರ ಅಡ್ಡಿಯಿಲ್ಲ," ಎಂದಳು ಅವಳು.

ಲೋಕೂರರು ಹೊನ್ನರಗಿಯಲ್ಲೇ ತಲೆ ನರೆಸಿಕೊಂಡವರು. ಅಲ್ಲಿನ ಹೆಂಗಸರಿಗೆ ಪೈಪು ಬಡಿಯುವ ರೂಢಿ ಇದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಣಿಯ ನೀರು ಹೊರಗೆ ಹಾಕುವ ದಪ್ಪ ಪೈಪು ಕಾಲೊನಿಯ ಹಿತ್ತಲುಗಳನ್ನು ಹಾದುಹೋಗುತ್ತದೆ. ಅತ್ತೆಯ ಅತ್ತೆಯರ ಕಾಲದಿಂದ, ಗಂಡ ಕೆಳಗಿಳಿದ ಮೇಲೆ ಹೆಂಗಸು ಯಾವ ಕೆಲಸಕ್ಕೆ ಕೈ ಹಾಕುವಾಗಲೂ ಆ ಪೈಪಿಗೆ ಕಲ್ಲಿನಿಂದ ಒಂದು ಏಟು ಕೊಡಬೇಕು. ಒಲೆ ಹಚ್ಚುವಾಗ, ಬಾಗಿಲು ದಾಟುವಾಗ, ಕೆಟ್ಟ ಕನಸು ನೆನಪಾದಾಗ, ಕೂಸು ಸೀನಿದಾಗ. ಕೆಳಗಿರುವವನಿಗೆ ಅದು ಕೇಳುತ್ತದೋ ಇಲ್ಲವೋ ಯಾರೂ ಪರೀಕ್ಷಿಸಿದವರಿಲ್ಲ. ಬಡಿಯದೆ ಬಿಟ್ಟ ದಿನ ಏನಾದರೂ ಆದರೆ ಊರು ಸುಮ್ಮನೆ ಬಿಡುವುದಿಲ್ಲ, ಅಷ್ಟೇ. ಇಂಥವರ ಕೈಗೆ ಗುಂಡಿ ಕೊಟ್ಟರೆ ಏನಾಗುತ್ತದೆಂದು ಲೋಕೂರರು ಊಹಿಸಬಹುದಿತ್ತು. ದೊಡ್ಡ ಮನುಷ್ಯರಿಗೆ ಹೆಂಗಸರ ರೂಢಿಯ ಬಗ್ಗೆ ಯೋಚಿಸುವ ರೂಢಿ ಇರುವುದಿಲ್ಲ.

ಹುಲಿಗೆಮ್ಮ ಇಡೀ ಕಾಲೊನಿಯಲ್ಲಿ ಗಟ್ಟಿ ಕೈಯವಳು. ಅವಳ ಗಂಡ ದುರುಗಪ್ಪ ಮೂಡಣ ಸುರಂಗದವನು. ಮಕ್ಕಳಿಲ್ಲ. ಇದ್ದ ಪ್ರೀತಿ, ಇದ್ದ ಅಂಜಿಕೆ, ಇದ್ದ ಜಗಳ ಎಲ್ಲ ಆ ಒಬ್ಬನ ಮೇಲೆಯೇ ಖರ್ಚಾಗಬೇಕು. ಗುಂಡಿಯನ್ನು ತಾಳಿಯ ಜೊತೆಗೆ ಕೊರಳಿಗೆ ಕಟ್ಟಿಕೊಂಡು ಕಸ ಹೊಡೆಯುತ್ತ ಒತ್ತಿದಳು, ನೀರು ತರುತ್ತ ಒತ್ತಿದಳು, ಬೆಳಿಗ್ಗೆ ಅವನೊಡನೆ ಜಗಳವಾಡಿದ ದಿನ ಸಿಟ್ಟಿಗೆ ಎರಡು ಪಟ್ಟು ಒತ್ತಿದಳು.

"ಇತ್ತಿತ್ತಲಾಗ ನಿನ್ನ ಗುಂಡಿ ನನ್ನ ತಲಿಗೆ ಮುಟ್ಟವಲ್ದು ನೋಡು," ಎಂದ ದುರುಗಪ್ಪ ಒಂದು ಸಂಜೆ, ಬಚ್ಚಲಲ್ಲಿ ಕಾಲು ತೊಳೆಯುತ್ತ. "ಮೊದಲ ಜುಮ್ ಅಂತಿತ್ತು. ಈಗ ಏನೂ ಇಲ್ಲ."

"ದೀಪ ಹತ್ತತೈತಲ್ಲ. ನಿನಗ ಮುಟ್ಟಲಾರದ ದೀಪ ಹ್ಯಾಂಗ ಹತ್ತತೈತಿ?"

"ದೀಪದ ಕತಿ ನನಗೇನು ಗೊತ್ತು. ನನ್ನ ತಲಿ ನನಗ ಗೊತ್ತು."

"ನಿನ್ನ ತಲಿ ದಪ್ಪ ಆಗೈತಿ. ಇನ್ನೊಂದೀಟು ಹೆಚ್ಚಿಗಿ ಒತ್ತತೀನಿ ಬಿಡು," ಎಂದಳು ಹುಲಿಗೆಮ್ಮ. ಅವನಿಗೆ ಟವಲು ಕೊಡುತ್ತ, "ಆ ಯಂಕೋಬನ ಕೂಡ ಮಾತುಕತಿ ಇಟ್ಟುಕೊಂಡಿಲ್ಲ ಹೌದಲ್ಲ?" ಎಂದು ಕೇಳಿದಳು.

ಯಂಕೋಬ ಪಡುವಣ ಸುರಂಗದವನು. ಕುಡಿತಕ್ಕೆ ಬಿದ್ದು, ಹೆಂಡತಿ ತವರಿಗೆ ಹೋಗಿ, ಒಂಟಿಯಾಗಿದ್ದವನು. ಅವನ ಮನೆಯ ಗುಂಡಿ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಮನೆಯಲ್ಲಿ ಕರೆಯುವವರಿಲ್ಲದವನ ನೆರಳು ಗಣಿಯಲ್ಲಿ ಒಳ್ಳೆಯದಲ್ಲ ಎಂದು ಹೆಂಗಸರು ನಂಬಿದ್ದರು. ಅವನೊಡನೆ ಕೂಡಬೇಡ ಎಂದು ಹುಲಿಗೆಮ್ಮ ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳು.

"ಅವನ ಸುರಂಗ ಬ್ಯಾರೆ, ನನ್ನ ಸುರಂಗ ಬ್ಯಾರೆ. ಎಲ್ಲಿಂದ ಬರತೈತಿ ಮಾತುಕತಿ?" ಎಂದ ದುರುಗಪ್ಪ, ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ.

ಬಂಡೆ ಬಿದ್ದದ್ದು ಬುತ್ತಿಯ ಹೊತ್ತಿಗೆ. ಮೇಲಿದ್ದವರಿಗೆ ಅಂಗಾಲಿನಲ್ಲಿ ಗೊತ್ತಾಯಿತು. ಉಳಿದ ಸುರಂಗಗಳವರೆಲ್ಲ ಕೆಮ್ಮುತ್ತ ಮೇಲೆ ಬಂದರು. ಮೂಡಣದ ದುರುಗಪ್ಪ, ಪಡುವಣದ ಯಂಕೋಬ ಇಬ್ಬರೂ ಬರಲಿಲ್ಲ. ಆ ಎರಡು ಸುರಂಗಗಳ ಆಂಟೆನಾ ತಂತಿಗಳು ಕಡಿದಿದ್ದವು. ಉಳಿದದ್ದು ಗಣಿಗೆ ಇಳಿಯುವ ಬಾವಿಯೊಳಗಿನ ದೊಡ್ಡ ಆಂಟೆನಾ ಒಂದೇ. ಕಂಟ್ರೋಲ್ ರೂಮಿನಿಂದ ಅದರ ಮೂಲಕ ಕರೆ ಹೊರಟಿತು. ಬಂಡೆ ದಾಟಿ ಹೋಗುವ ಅಲೆ ಕೆಳಗೆ ಮುಟ್ಟುವಷ್ಟರಲ್ಲಿ ಬಡಕಲಾಗಿರುತ್ತದೆ.

ಯಂಕೋಬನ ಕಿವಿಮಣಿ ಮೊದಲ ಕರೆಗೇ ಎದ್ದಿತು. ತೆರೆಯ ಮೇಲೆ ಅವನ ಜಾಗ ಮೂಡಿತು, ನಾಡಿ ಓಡಿತು. ದುರುಗಪ್ಪನ ಕಡೆಯಿಂದ ಏನೂ ಬರಲಿಲ್ಲ. ಕರೆದರು, ಮತ್ತೆ ಕರೆದರು, ಬಿಡದೆ ಕರೆದರು. ಕಂಪನಿಯಲ್ಲಿ ಇದ್ದದ್ದು ಪಾರುಗಾಣಿಕೆಯ ಒಂದೇ ಒಂದು ಕೊರೆಯುವ ಯಂತ್ರ. ನಿಯಮವೂ ಒಂದೇ: ಉತ್ತರ ಬಂದ ಕಡೆ ಕೊರೆ, ಉತ್ತರವಿಲ್ಲದವನನ್ನು ಸತ್ತನೆಂದು ತಿಳಿ. ಯಂತ್ರ ಯಂಕೋಬನ ದಿಕ್ಕಿಗೆ ಮೂತಿ ತಿರುಗಿಸಿತು. ಹಾದಿ ತಪ್ಪದಿರಲು ಅದಕ್ಕೆ ಅವನ ಹೆಲ್ಮೆಟ್ಟಿನ ಉತ್ತರ ಬರುತ್ತಲೇ ಇರಬೇಕು, ಅದಕ್ಕಾಗಿ ಕರೆಯುತ್ತಲೇ ಇರಬೇಕು. ಗೇಟಿನ ಹೊರಗೆ ನೆರೆದ ಜನ ಗಲಾಟೆ ಮಾಡದಿರಲಿ ಎಂದು ಲೋಕೂರರು ಪ್ರತಿ ಕರೆಯನ್ನೂ ಧ್ವನಿವರ್ಧಕದಲ್ಲಿ ಟಣ್ಣೆಂದು ಕೇಳಿಸಿದರು. ಕಂಪನಿ ಕೈಬಿಟ್ಟಿಲ್ಲ ಎಂದು ಜನರಿಗೆ ಗೊತ್ತಾಗಬೇಕಲ್ಲ.

ಹುಲಿಗೆಮ್ಮ ಗೇಟು ನೂಕಿಕೊಂಡು ಒಳಗೆ ಬಂದಳು. ಕೊರಳ ಗುಂಡಿಯನ್ನು ಲೋಕೂರರ ಮುಖದೆದುರು ಹಿಡಿದು ಒತ್ತಿದಳು. ಹಸಿರು ಹತ್ತಿತು.

"ನೋಡ್ರಿ ಸಾಹೇಬ್ರ. ನನ್ನ ಗಂಡ ಅದಾನ. ಮಿಷಿನ್ನು ಯಾಕ ಆ ಕುಡುಕನ ಕಡಿ ತಿರುಗಿಸೀರಿ?"

ಲೋಕೂರರು ದೀಪ ನೋಡಿ ತಲೆ ತಗ್ಗಿಸಿದರು. "ಹೊರಗ ಕುಂದ್ರವ್ವಾ. ನಮ್ಮ ಕೈಲಾದದ್ದು ನಾವು ಮಾಡ್ಲಿಕ್ಕೆ ಹತ್ತೇವಿ," ಎಂದರು.

ಪ್ರಫುಲ್ಲಾ ಮರುದಿನ ಬೆಳಿಗ್ಗೆ ಬಂದು ಮುಟ್ಟಿದಳು. ಚಹಾ ಬೇಡವೆಂದು ತೆರೆಯ ಮುಂದೆ ಕುಳಿತು ಮೂಡಣ ಸುರಂಗದ ಆಂಟೆನಾ ಇಷ್ಟು ದಿನ ಕೂಗಿದ ಕರೆಗಳ ದಾಖಲೆ ತೆಗೆಸಿದಳು. ತೆರೆ ತುಂಬ ಗೆರೆಗಳು, ಒಂದರ ಮೇಲೊಂದು, ಸಂದಿಲ್ಲದ ಹಾಗೆ. ಪಡುವಣದ್ದು ತೆಗೆಸಿದಳು. ಖಾಲಿ.

"ಇದೇನಿದು? ಇಷ್ಟು ಕರೆ ಯಾರು ಕಳಿಸಿದ್ರು?"

"ಮನೆಗುಂಡಿ ಮೇಡಮ್," ಎಂದರು ಲೋಕೂರರು. "ಈ ಊರಿನ ಹೆಂಗಸರು ಸ್ವಲ್ಪ ಹಂಗ."

"ದಿನವಿಡೀ ಇದನ್ನ ಕೇಳಿದ ಸರ್ಕೀಟು ಇದನ್ನ ಗದ್ದಲ ಅಂತನ ತಿಳಿತದ. ಬಯಾಸ್ ತಳಕ್ಕ ಇಳಿದಿರ್ತದ. ಪಕ್ಕದ ಆಂಟೆನಾನ ಕೇಳಸ್ತಿರಲಿಕ್ಕಿಲ್ಲ, ಇನ್ನ ಬಾವಿಯಿಂದ ಹೋಗೋ ಸಣ್ಣ ಕರೆ ಎಲ್ಲಿ ಕೇಳಸ್ತದ?" ಅವಳು ತಟ್ಟನೆ ತಿರುಗಿದಳು. "ಹಂಗಾದ್ರ ಹಸಿರು ದೀಪ ಎಂದೋ ನಿಂತುಹೋಗಬೇಕಿತ್ತಲ್ಲ. ಯಾರೂ ನನಗ ಹೇಳಲಿಲ್ಲ?"

ಲೋಕೂರರು ಕನ್ನಡಕ ತೆಗೆದು ಒರೆಸಿದರು. ದೀಪ ಹತ್ತುತ್ತಿಲ್ಲವೆಂದು ಹೆಂಗಸರು ಗೇಟಿಗೆ ಬಂದು ಕೂತಿದ್ದರಂತೆ. ಪಾಳಿ ನಿಲ್ಲುವ ಹಾಗಾಯಿತಂತೆ. ಆಗ ಗುಂಡಿ ಒತ್ತಿದ ಕೂಡಲೇ ಕಂಟ್ರೋಲ್ ರೂಮಿನಿಂದಲೇ ಹಸಿರು ಹತ್ತುವಂತೆ ಮಾಡಿಸಿದರಂತೆ. "ಅವರಿಗೂ ಸಮಾಧಾನ, ನಮಗೂ ಸಮಾಧಾನ," ಎಂದರು.

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗೆ ಸುರಕ್ಷತೆಯ ಕ್ಯಾಲೆಂಡರು ಗೋಡೆಯ ಮೇಲೆ ನೇತಾಡುತ್ತಿತ್ತು. ಪ್ರಫುಲ್ಲಾಳಿಗೆ ಆ ಮನುಷ್ಯನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವಳ ತಲೆ ಲೆಕ್ಕ ಹಾಕಲು ತೊಡಗಿತ್ತು. ಲೆಕ್ಕ ಶುರುವಾದರೆ ಅವಳಿಗೆ ಬೇರೆ ಯಾವುದೂ ಕಾಣುತ್ತಿರಲಿಲ್ಲ.

ಲೆಕ್ಕ ಸರಳವಾಗಿತ್ತು. ದುರುಗಪ್ಪನ ಕಿವಿಮಣಿ ಸತ್ತಿಲ್ಲ, ಮಂದವಾಗಿದೆ. ಪೂರ್ತಿ ಸದ್ದಡಗಿದರೆ ಬಯಾಸು ತಾನಾಗಿ ಮೆಲ್ಲಗೆ ಏರುತ್ತದೆ. ಅರ್ಧ ದಿನ ಮೌನವಿದ್ದರೆ ಬಡಕಲು ಕರೆಯೂ ಕೇಳುವಷ್ಟು ಚೂಪಾಗುತ್ತದೆ. ಆದರೆ ಈಗ ಯಂಕೋಬನಿಗಾಗಿ ಬಿಡದೆ ಕರೆಯುತ್ತಿದ್ದಾರೆ. ಯಾರಿಗಾಗಿ ಕರೆದರೇನು, ಎನ್ವಲಪ್ ಡಿಟೆಕ್ಟರಿಗೆ ಹೆಸರು ತಿಳಿಯುವುದಿಲ್ಲ. ಪ್ರತಿ ಕರೆಯೂ ಏರುತ್ತಿರುವ ಬಯಾಸನ್ನು ಮತ್ತೆ ಕೆಳಗೆ ತಳ್ಳುತ್ತಿದೆ. ಎದ್ದಿರುವ ಯಂಕೋಬನ ಹೆಲ್ಮೆಟ್ಟಿಗೆ ಆ ಗೋಳಿಲ್ಲ, ಅದರ ದೊಡ್ಡ ರಿಸೀವರು ಕರೆ ಬರುತ್ತಿರುವ ತನಕ ಎದ್ದೇ ಇರುತ್ತದೆ. ದುರುಗಪ್ಪನನ್ನು ಎಬ್ಬಿಸಬೇಕಾದರೆ ಯಂಕೋಬನನ್ನು ಕರೆಯುವುದು ನಿಲ್ಲಬೇಕು, ಅಲ್ಲಿಯತನಕ ಕೊರೆಯುವ ಯಂತ್ರ ಕುರುಡಾಗಿ ನಿಲ್ಲಬೇಕು.

"ಯಂಕೋಬನ ನಾಡಿ ಛಲೋ ಅದ," ಎಂದಳು ಅವಳು. "ನಕ್ಷೆ ಪ್ರಕಾರ ಅಲ್ಲಿ ಗಾಳಿ ಅದ, ನೀರು ಜಿನುಗ್ತದ. ಅರ್ಧ ದಿನ ತಡೀತಾನ. ದುರುಗಪ್ಪ ಬದುಕಿದ್ರ ಇಬ್ಬರೂ ಉಳೀತಾರ. ಕರೆಯೋದು ನಿಲ್ಲಿಸ್ರಿ."

"ನಿಲ್ಲಿಸಿದ್ರ ಹೊರಗಿನ ಜನ ನನ್ನ ಚರ್ಮ ಸುಲಿತಾರ," ಎಂದರು ಲೋಕೂರರು. "ಟಣ್ ಅನ್ನೋದು ನಿಂತ್ತು ಅಂದ್ರ ಕೈಬಿಟ್ರು ಅಂತ ಅರ್ಥ ಮಾಡ್ಕೋತಾರ. ನಾಳೆ ಆ ಯಂಕೋಬಗ ಏನರ ಆದ್ರ ನನ್ನ ಹೆಸರು ಬರತದ."

"ಹಂಗಾದ್ರ ಏನ್ ಮಾಡೋಣ ಅಂತೀರಿ?"

"ಯಂಕೋಬನ ಕಡಿಯವರು ಯಾರೂ ಇಲ್ಲ. ದುರುಗಪ್ಪನ ಹೆಂಡತಿ ಇದ್ದಾಳ. ನಿಲ್ಲಿಸ್ರಿ ಅಂತ ಆಕಿನ ಎಲ್ಲಾರ ಎದುರು ಹೇಳಲಿ."

ಅಧಿಕಾರಿಗಳು ಹೀಗೆಯೇ. ಪಾಪಕ್ಕೊಂದು ತಲೆ ಬೇಕಾದಾಗ ಬಡವರ ತಲೆಯನ್ನೇ ಹುಡುಕುತ್ತಾರೆ, ಅದಕ್ಕೆ ಅಭಿಪ್ರಾಯ ಕೇಳುವುದು ಎಂದು ಹೆಸರು.

ಹುಲಿಗೆಮ್ಮನನ್ನು ಒಳಗೆ ಕರೆಸಿದರು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಬೆರಳಿಂದ ಗುಂಡಿ ಒತ್ತುತ್ತಲೇ ಇದ್ದಳು. ದೀಪ ಹತ್ತುತ್ತಲೇ ಇತ್ತು.

"ಅದನ್ನ ಬಿಡವ್ವಾ," ಎಂದಳು ಪ್ರಫುಲ್ಲಾ. "ಆ ದೀಪ ನಿನ್ನ ಗಂಡ ಹಚ್ಚೋದಲ್ಲ. ಇಲ್ಲಿಂದ ಹತ್ತತದ. ಅವನು ಇದ್ರೂ ಹತ್ತತದ, ಇರದಿದ್ರೂ ಹತ್ತತದ."

ಹುಲಿಗೆಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು, ಯಾರೋ ಕಸಿದುಕೊಳ್ಳಲು ಬಂದಂತೆ.

"ಅಂದ್ರ ಅವ ಸತ್ತಾನೇನು?"

"ಗೊತ್ತಿಲ್ಲ. ಬದುಕಿರಬಹುದು. ಆದರ ಅವನ ಹೆಲ್ಮೆಟ್ಟಿಗೆ ನಮ್ಮ ಕರೆ ಕೇಳಸವಲ್ದು."

"ಯಂಕೋಬನ ಹೆಲ್ಮೆಟ್ಟಿಗೆ ಕೇಳಸತೈತಿ. ನನ್ನ ಗಂಡಂದಕ್ಕ ಯಾಕ ಕೇಳಸಂಗಿಲ್ಲ?"

ಪ್ರಫುಲ್ಲಾ ಸುಳ್ಳು ಹೇಳಬಹುದಿತ್ತು. ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಆದರೆ ನಿಜ ಹೇಳುವುದು ದೊಡ್ಡ ಗುಣವೆಂದು ಅವಳನ್ನು ಬೆಳೆಸಿದ್ದರು, ಎಲ್ಲಿ ಹೇಳಬಾರದೆಂದು ಯಾರೂ ಕಲಿಸಿರಲಿಲ್ಲ.

"ಯಂಕೋಬನ್ನ ಯಾರೂ ಕರೀತಿರಲಿಲ್ಲ, ಅದಕ್ಕ ಅವನದು ಚುರುಕದ. ನೀನು ದಿನವಿಡೀ ಕರೆದಿ. ಕರೆದು ಕರೆದು ಕಿವುಡು ಮಾಡಿದಿ."

ಕಂಟ್ರೋಲ್ ರೂ‌ಮಿನಲ್ಲಿ ತೆರೆಯ ಮೇಲೆ ಯಂಕೋಬನ ನಾಡಿ ಓಡುತ್ತಲೇ ಇತ್ತು. ಹೊರಗೆ ಧ್ವನಿವರ್ಧಕ ಟಣ್ಣೆಂದಿತು. ಹುಲಿಗೆಮ್ಮ ಅಳಲಿಲ್ಲ. ಅವಳ ಮುಖ ಒಣಗಿತು, ಅಷ್ಟೇ. "ಈಗ ಏನ್ ಮಾಡಬೇಕ್ರಿ?" ಎಂದು ಕೇಳಿದಳು. ಪ್ರಫುಲ್ಲಾ ಹೇಳಿದಳು. ಯಂಕೋಬನಿಗೆ ಅರ್ಧ ದಿನ ತಡವಾಗುತ್ತದೆ, ಅವನು ತಡೆಯುತ್ತಾನೆಂದು ನನ್ನ ಲೆಕ್ಕ, ಲೆಕ್ಕ ತಪ್ಪಲೂಬಹುದು, ಎಂದೂ ಹೇಳಿದಳು.

ಹುಲಿಗೆಮ್ಮ ಎದ್ದು ಗೇಟಿಗೆ ಹೋಗಿ ಜನರೆದುರು ನಿಂತಳು. "ನಿಲ್ಲಸ್ರಿ," ಎಂದಳು. "ನಾ ಹೇಳಾಕತ್ತೀನಿ. ಕರಿಯೂದು ನಿಲ್ಲಸ್ರಿ."

ಧ್ವನಿವರ್ಧಕ ಸುಮ್ಮನಾಯಿತು. ಕೊರೆಯುವ ಯಂತ್ರವೂ ನಿಂತಿತು. ಜನ ಗೊಣಗಿದರು, ಬೈದರು, ಆಮೇಲೆ ಅಲ್ಲಲ್ಲೇ ನೆಲಕ್ಕೆ ಕುಕ್ಕರಿಸಿದರು. ಕೂಸಿಗೆ ಹಾಲು ಕುಡಿಸುತ್ತಿದ್ದ ಒಬ್ಬಳು, "ಹಿಂತಾಕಿನೂ ಹೆಂಡ್ತಿಯೇನು," ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಹುಲಿಗೆಮ್ಮ ಕೇಳಿಸಿಕೊಂಡಳು. ಅವಳು ಕೊರಳಿನ ಗುಂಡಿಯನ್ನು ಕಿತ್ತು ಸೀರೆಯ ಸೆರಗಿನಲ್ಲಿ ಬಿಗಿಯಾಗಿ ಗಂಟು ಹಾಕಿದಳು, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಳು.

ಕಂಟ್ರೋಲ್ ರೂಮಿನ ತೆರೆಯೂ ಖಾಲಿಯಾಯಿತು. ಕರೆ ನಿಂತೊಡನೆ ಯಂಕೋಬನ ಹೆಲ್ಮೆಟ್ಟು ಮಲಗಿಕೊಂಡಿತು. ಅದು ನಿರೀಕ್ಷಿಸಿದ್ದೇ. ಪ್ರಫುಲ್ಲಾ ಕಾಗದದ ಮೇಲೆ ಬಯಾಸು ಏರುವ ಗೆರೆ ಎಳೆದು ನೋಡುತ್ತಿದ್ದಳು. ಗೆರೆ ಸುಂದರವಾಗಿತ್ತು. ಮೊದಲು ನಿಧಾನ, ಆಮೇಲೆ ಸಲೀಸಾಗಿ ಮೇಲಕ್ಕೆ. ಸಂಜೆಯ ಬಿಸಿಲು ಕಿಟಕಿಗೆ ಬಂದಾಗ, "ಈಗ ಒಂದ ಒಂದು ಕರೆ ಕಳಿಸ್ರಿ," ಎಂದಳು.

ಒಂದು ಕರೆ ಹೋಯಿತು.

ತೆರೆಯ ಮೇಲೆ ದುರುಗಪ್ಪ ಮೂಡಿದ. ನಾಡಿ ಜೋರಾಗಿ, ಕೋಪಗೊಂಡಂತೆ ಬಡಿಯುತ್ತಿತ್ತು. ಪ್ರಫುಲ್ಲಾಳ ಕಣ್ಣಲ್ಲಿ ನೀರು ಬಂತು. ತನ್ನ ಸರ್ಕೀಟು ಗೆದ್ದಿತೆಂಬ ನೀರೋ, ಒಬ್ಬ ಮನುಷ್ಯ ಉಳಿದನೆಂಬ ನೀರೋ ಎಂದು ಅವಳನ್ನು ಕೇಳಿದ್ದರೆ ಎರಡೂ ಎನ್ನುತ್ತಿದ್ದಳು.

ಆಮೇಲೆ ಅವಳಿಗೆ ಜಾಗ ಕಂಡಿತು. ದುರುಗಪ್ಪ ಮೂಡಣ ಸುರಂಗದಲ್ಲಿ ಇರಲೇ ಇಲ್ಲ. ಅವನಿದ್ದದ್ದು ಪಡುವಣದಲ್ಲಿ, ಯಂಕೋಬನಿಂದ ಕೂಗಳತೆಯೂ ಅಲ್ಲ, ಮಾತಿನಳತೆಯ ದೂರದಲ್ಲಿ. ಯಂಕೋಬನ ಹೆಲ್ಮೆಟ್ಟೂ ಅದೇ ಕರೆಗೆ ಉತ್ತರ ಕೊಟ್ಟಿತ್ತು. ಜಾಗ ಇತ್ತು. ನಾಡಿ ಇರಲಿಲ್ಲ.

"ಯಂತ್ರ ನಿಲ್ಲಿಸದ ಯಂಕೋಬನ ಕಡೆನ ಕೊರೆದಿದ್ರ," ಎಂದು ಶುರುಮಾಡಿದ ಕಂಟ್ರೋಲ್ ರೂಮಿನ ಆಪರೇಟರ್ ವಾಕ್ಯ ಮುಗಿಸಲಿಲ್ಲ.

"ಒಬ್ಬನರ ಸಿಕ್ಕನಲ್ಲ, ಅಷ್ಟ ಪುಣ್ಯ," ಎಂದರು ಲೋಕೂರರು, ಹಣೆ ಒರೆಸಿಕೊಳ್ಳುತ್ತ.

ದುರುಗಪ್ಪನನ್ನು ಎತ್ತಿಕೊಂಡು ಬಂದರು. ಒಂದು ಕಾಲು ಮುರಿದಿತ್ತು, ಉಳಿದಂತೆ ಗಟ್ಟಿಯಾಗಿದ್ದ. ಯಂಕೋಬನ ಹೆಣವನ್ನು ಆಮೇಲೆ ತಂದರು. ಅವನ ಹೆಂಡತಿ ತವರಿನಿಂದ ಬಂದು, ಅತ್ತು, ಪರಿಹಾರದ ಮಾತಾಡಿ ಹೋದಳು. ಅವಳನ್ನೂ ಬೈಯುವ ಹಾಗಿಲ್ಲ, ಅವಳು ತಿಂದ ಏಟುಗಳು ಅವಳಿಗೆ ಗೊತ್ತು.

ಕಂಪನಿ ಸಭೆ ಸೇರಿತು. ಸರ್ಕೀಟು ವಿನ್ಯಾಸಗೊಂಡಂತೆಯೇ ಕೆಲಸ ಮಾಡಿದೆ ಎಂದು ಪ್ರಫುಲ್ಲಾ ಹೇಳಿದಳು, ಅದು ನಿಜವೂ ಆಗಿತ್ತು. ಕರೆಗಳ ಗದ್ದಲವನ್ನು ತಪ್ಪಿಸದೆ ಬಯಾಸಿನ ಪ್ರಶ್ನೆ ಬಗೆಹರಿಯದು, ಗುಂಡಿಗಳನ್ನು ವಾಪಸು ಪಡೆಯಿರಿ ಎಂದಳು. ವಾಪಸು ಪಡೆದರೆ ಹೆಂಗಸರು ಗೇಟಿಗೆ ಬರುತ್ತಾರೆ ಎಂದರು ಲೋಕೂರರು. ಕೊನೆಗೆ ಅವರೇ ದಾರಿ ತೋರಿಸಿದರು. ಗುಂಡಿ ಇರಲಿ, ದೀಪವೂ ಇರಲಿ, ಆಂಟೆನಾಕ್ಕೆ ಹೋಗುವ ತಂತಿಯೊಂದನ್ನು ಕತ್ತರಿಸಿದರಾಯಿತು. ಒತ್ತುವವರು ಒತ್ತಿಕೊಳ್ಳಲಿ, ಕೆಳಗೆ ಸದ್ದಿರುವುದಿಲ್ಲ, ಕಿವಿಮಣಿ ಚುರುಕಾಗಿರುತ್ತದೆ. ಪ್ರಫುಲ್ಲಾ ಬಹಳ ಹೊತ್ತು ಯೋಚಿಸಿದಳು. ಎಂಜಿನಿಯರಿಂಗಿನ ದೃಷ್ಟಿಯಿಂದ ಅದರಲ್ಲಿ ತಪ್ಪು ಕಾಣಲಿಲ್ಲ. ಆಗಲಿ ಎಂದಳು, ಧಾರವಾಡಕ್ಕೆ ಹೋದಳು. ಹೊನ್ನರಗಿಯ ಹೆಂಗಸರು ಇವತ್ತಿಗೂ ಒತ್ತುತ್ತಿದ್ದಾರೆ, ಒಬ್ಬಳನ್ನು ಬಿಟ್ಟು.

ದುರುಗಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹುಲಿಗೆಮ್ಮ ಅನ್ನ ಮಾಡಿ, ಹುಣಸೆ ಸಾರು ಕಾಸಿ, ಗೋಡೆಗೆ ಒರಗಿ ಕೂತ ಅವನ ಮುಂದೆ ತಾಟು ಇಟ್ಟಳು. ಅವನು ಉಣ್ಣುತ್ತ ಉಣ್ಣುತ್ತ ಮಾತು ತೆಗೆದ. ಅಲ್ಲಿಯತನಕ ಅವನು ಯಾರ ಹತ್ತಿರವೂ ಕೆಳಗಿನ ಮಾತು ಆಡಿರಲಿಲ್ಲ.

"ನಿನಗ ಸುಳ್ಳು ಹೇಳಿದ್ದೆ. ಬುತ್ತಿ ಹೊತ್ತಿಗೆ ದಿನಾ ಯಂಕೋಬನ ಕಡಿ ಹೋಗ್ತಿದ್ದೆ. ಕಂಪನಿಗೂ ಗೊತ್ತಿದ್ದಿಲ್ಲ. ಕಬ್ಬಿಣದ ಮುಂದ ಒಬ್ಬನ ಕುಂತು ಉಣ್ಣೂದು ಹೆಣ ಕಾದಂಗ ಆಗತೈತಿ."

ಹುಲಿಗೆಮ್ಮ ಅವನ ಅನ್ನದ ಮೇಲೆ ಇನ್ನೊಂದು ಸೌಟು ಸಾರು ಹಾಕಿದಳು.

"ನಡುವ ಬಂಡಿಗಲ್ಲು ಬಿತ್ತು. ಅವ ಆ ಕಡಿ, ನಾ ಈ ಕಡಿ. ಸಂದಿಯಾಗ ಮಾತು ಕೇಳಸ್ತಿತ್ತು. ಅವನ ಹೆಲ್ಮೆಟ್ಟು ಜುಮ್ ಅಂದಾಗೊಮ್ಮೆ ‘ಕರದ್ರು ನೋಡು’ ಅಂತಿದ್ದ. ‘ನನ್ನ ಹೆಂಡ್ತಿ ಒಂದಿನಾ ಕರೀಲಿಲ್ಲ, ಇವರು ಯಾರೋ ಏನೋ ಬಿಡಲಾರದ ಕರಿಯಾಕತ್ತಾರ’ ಅಂತ ನಕ್ಕ. ನನಗ ಏನೂ ಬರವಲ್ದು ಅಂದೆ. ‘ನನ್ನ ಕಡಿ ಬರತಾರಲ್ಲ, ನೀ ಇಲ್ಲೇ ಅದೀ ಅಂತ ನಾ ಹೇಳತೀನಿ, ಅಂಜಬ್ಯಾಡ’ ಅಂದ. ರಾತ್ರಿ ಪೂರಾ ಹಂಗ ಧೈರ್ಯ ಹೇಳಿದ. ಮಿಷಿನ್ನಿನ ಸಪ್ಪಳನೂ ಕೇಳಾಕ ಸುರು ಆಗಿತ್ತು."

"ಆಮ್ಯಾಲ?"

"ಆಮ್ಯಾಲ ಎಲ್ಲಾ ನಿಂತ್ತು. ಮಿಷಿನ್ನೂ ನಿಂತ್ತು, ಜುಮ್ ಅನ್ನೂದೂ ನಿಂತ್ತು. ಅವ ಭಾಳ ಹೊತ್ತು ಕಾದ. ‘ದುರುಗಾ, ನಮ್ಮನ್ನ ಬಿಟ್ರಲೇ’ ಅಂದ. ತಾಳಲೇ ಅಂದೆ. ತಾಳಲಿಲ್ಲ. ನಿನ್ನ ಕಡಿ ಬರತೀನಿ, ಇಬ್ಬರೂ ಕೂಡೇ ಇರೂಣು ಅಂತ ಕಲ್ಲು ಕೀಳಾಕ ಸುರು ಮಾಡಿದ. ಬ್ಯಾಡ ಬ್ಯಾಡ ಅಂತ ಒದರಿದೆ. ಮ್ಯಾಲಿಂದು ಕುಸೀತು." ಅವನು ತುತ್ತನ್ನು ತಾಟಿನಲ್ಲಿ ಕಲಸುತ್ತಲೇ ಇದ್ದ. "ಯಾರು ನಿಲ್ಲಿಸಿದ್ರು ಅದನ್ನ? ಆಸ್ಪತ್ರಿಯಾಗ ಕೇಳಿದ್ರ ಎಲ್ಲಾರೂ ಮಾರಿ ತಿರುಗಿಸ್ತಾರ. ಆ ಲೋಕೂರ?"

ಕಂಪನಿಯವರು ಎಂದಿದ್ದರೆ ಮುಗಿಯುತ್ತಿತ್ತು. ಕಂಪನಿಯನ್ನು ಬೈಯುವುದು ಹೊನ್ನರಗಿಯಲ್ಲಿ ಯಾರಿಗೂ ಭಾರವಲ್ಲ. ಹುಲಿಗೆಮ್ಮನಿಗೂ ಒಂದು ಕ್ಷಣ ಆ ಮಾತು ನಾಲಗೆಯ ತುದಿಗೆ ಬಂದಿತು. ಆದರೆ ಊರೆಲ್ಲ ನೋಡಿದ್ದನ್ನು ಎಷ್ಟು ದಿನ ಮುಚ್ಚುವುದು?

"ನಾ ನಿಲ್ಲಿಸಿದೆ," ಎಂದಳು.

ದುರುಗಪ್ಪ ತಲೆ ಎತ್ತಿದ.

"ನಿನ್ನ ಹೆಲ್ಮೆಟ್ಟು ಏಳಬೇಕಾದ್ರ ಕರಿಯೂದು ನಿಲ್ಲಬೇಕು ಅಂತ ಆ ಕಿವಿಮಣಿ ಮಾಡಿದಾಕಿ ಹೇಳಿದ್ಲು. ಗೇಟಿನಾಗ ನಿಂತು ನಿಲ್ಲಸ್ರಿ ಅಂದೆ. ಅವನ ಕಡಿ ಹೇಳವರು ಯಾರೂ ಇದ್ದಿಲ್ಲ."

"ಅವನ ಕಡಿ ಬಂದಿದ್ರ ನಾನೂ ಸಿಗ್ತಿದ್ದೆ."

"ನೀ ಅಲ್ಲಿ ಅದೀ ಅಂತ ನನಗ ಹೇಳಿದ್ದೇನು?"

ಹುಲಿಗೆಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು. ಅವಳ ದನಿ ಏರಲಿಲ್ಲ. "ನನಗ ನೀ ಬೇಕಾಗಿದ್ದಿ. ಅವ ನನಗ ಯಾರು? ಇವತ್ತು ಮತ್ತ ಕೇಳಿದ್ರೂ ನಿಲ್ಲಸ್ರಿ ಅಂತೀನಿ. ಅವ ಸಾಯತಾನ ಅಂತ ಗೊತ್ತಿದ್ರೂ ಅಂತೀನಿ."

ದುರುಗಪ್ಪನಿಗೆ ಅವಳನ್ನು ಹೊಡೆಯಬೇಕೆನಿಸಿತು, ಅವಳ ತೊಡೆಯ ಮೇಲೆ ತಲೆಯಿಟ್ಟು ಅಳಬೇಕೆನಿಸಿತು. ಎರಡಕ್ಕೂ ಶಕ್ತಿ ಸಾಲದೆ ಗೋಡೆ ನೋಡುತ್ತ ಕೂತ. ಯಂಕೋಬ ಕಲ್ಲು ಕೀಳುತ್ತಿದ್ದ ಸದ್ದು ಕಿವಿಯಲ್ಲಿತ್ತು. ಅದೆಲ್ಲಕ್ಕಿಂತ ಹೆಚ್ಚು ಹೇಸಿಗೆ ತಂದದ್ದು ಹೊಟ್ಟೆ. ಇಷ್ಟೆಲ್ಲ ಕೇಳಿಯೂ ಅದು ಹಸಿದೇ ಇತ್ತು. ತಾಟಿನಲ್ಲಿದ್ದುದನ್ನು ಅವನು ಉಂಡು ಮುಗಿಸಿದ.

"ಇನ್ನೊಂದೀಟು ಅನ್ನ ಹಾಕ್ಲೇನು?" ಎಂದು ಕೇಳಿದಳು ಹುಲಿಗೆಮ್ಮ.

ಅವನು ಅವಳ ಮುಖ ನೋಡದೆ ತಾಟನ್ನು ಮುಂದಕ್ಕೆ ಚಾಚಿದ.